ಹೊಲಸು ಕರೆಂಟು

ಕರೆಂಟಿಗೆ ನಾನು ಬೈದಷ್ಟು ಇಳಕಲ್ಲಿನಲ್ಲಿ ಇನ್ಯಾರೂ ಬೈದಿರಲಿಕ್ಕಿಲ್ಲ. ಕರೆಂಟು ಹೋದಾಗ ಬೈಯುವವರು ಊರ ತುಂಬ ಇದ್ದರು. ನಾನು ಕರೆಂಟು ಇದ್ದಾಗಲೇ ಬೈಯುತ್ತಿದ್ದೆ. ನಮ್ಮ ಮನೆಗೆ ಬರುವ ಕರೆಂಟು ಹೊಲಸಾಗಿದೆ, ಅದರಿಂದ ನಾನು ಕೇಳುವ ಹಾಡು ಕೆಡುತ್ತಿದೆ ಎಂಬುದು ನನ್ನ ತಕರಾರು. ಈ ಮಾತನ್ನು ಚಹಾದಂಗಡಿಯಲ್ಲಿ, ನೆಂಟರ ಮದುವೆಯಲ್ಲಿ, ಕೊನೆಗೆ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೂ ಬಿಡದೆ ಹೇಳಿದ್ದೇನೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಆ ಮಾತು ಮರೆತುಬಿಡಿ. ನೆನೆಸಿಕೊಂಡರೆ ಈಗಲೂ ನನ್ನ ಮುಖ ಬಿಸಿಯಾಗುತ್ತದೆ.

ನಮ್ಮದು ನೇಯುವವರ ಮನೆ. ಅಪ್ಪನ ಕಾಲಕ್ಕೆ ಪಡಸಾಲೆಯಲ್ಲೇ ಕೈಮಗ್ಗಗಳಿದ್ದವು. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಾನೂ ನನ್ನ ತಮ್ಮನೂ ಅವನ್ನು ತೆಗೆದು, ಮನೆಯ ಹಿಂದೆ ತಗಡಿನ ಶೆಡ್ಡು ಹಾಕಿ, ಪಾವರ್‌ಲೂಮ್ ಕೂಡಿಸಿದೆವು. ನೂಲು ತರುವುದು, ನೇಯ್ದ ಸೀರೆ ಸಾಗಿಸುವುದು ನನ್ನ ಪಾಲಿಗೆ. ಉಳಿದ ಹೊತ್ತು ನಾನೂ ಶೆಡ್ಡಿನಲ್ಲಿರುತ್ತಿದ್ದೆ. ತಮ್ಮನಂತೂ ಬೆಳಗಿನಿಂದ ಸಂಜೆಯವರೆಗೆ ಅಲ್ಲೇ. ಲಾಳಿ ಅತ್ತಿಂದಿತ್ತ ಬಡಿಯುವ ಆರ್ಭಟಕ್ಕೆ ಒಳಗೆ ಮಾತು ನಡೆಯುತ್ತಿರಲಿಲ್ಲ, ಎಲ್ಲ ಕೈಸನ್ನೆ. ಎಳೆ ಹರಿದರೆ ಎರಡು ಬೆರಳು ಆಡಿಸಬೇಕು, ಚಹಾ ಬಂದರೆ ಹೆಬ್ಬೆರಳನ್ನು ತುಟಿಗೆ ಒಯ್ಯಬೇಕು. ಸನ್ನೆಗೆ ಸಿಗದ ಮಾತನ್ನು ತುಟಿ ನೋಡಿ ತಿಳಿಯಬೇಕು. ಅದರಲ್ಲಿ ನನ್ನ ತಮ್ಮ ಗಟ್ಟಿಗ. ನಾನು ಶೆಡ್ಡಿನ ಆ ತುದಿಯಲ್ಲಿ ಯಾರಿಗೋ ಗೊಣಗಿಕೊಂಡರೆ ಅವನು ಈ ತುದಿಯಲ್ಲಿ ನಿಂತು ಓದಿ ನಗುತ್ತಿದ್ದ.

ಚಿಕ್ಕವನಿದ್ದಾಗ ಸೋಮವಾರದ ಭಜನೆಯಲ್ಲಿ ತಾಳ ನನ್ನ ಕೈಯಲ್ಲಿರುತ್ತಿತ್ತು. ಹಾಡಲು ನನಗೆ ದನಿ ಇರಲಿಲ್ಲ, ತಬಲಾ ಮುಟ್ಟಲು ಹಿರಿಯರು ಬಿಡುತ್ತಿರಲಿಲ್ಲ. ತಾಳ ಕೊಟ್ಟು ಒಂದು ಮೂಲೆಗೆ ಕೂಡಿಸಿದ್ದರು. ಎರಡು ಕಂಚಿನ ಬಿಲ್ಲೆಗಳ ಅಂಚು ತಾಗಿಸಿ, ಆ ಝಣ ಸಣ್ಣಗಾಗುತ್ತ ಸಣ್ಣಗಾಗುತ್ತ ಗಾಳಿಯಲ್ಲಿ ಕರಗುವುದನ್ನು ಕೊನೆಯವರೆಗೆ ಕೇಳುವುದು ನನಗೊಂದು ಆಟ. ಉಳಿದವರಿಗೆ ನಿಂತಿತು ಅನಿಸಿದ ಮೇಲೂ ನನಗೆ ಕೇಳುತ್ತಿತ್ತು. ಈ ಹುಡುಗನ ಕಿವಿ ಭಾಳ ಸೂಕ್ಷ್ಮ ಎಂದು ಭಜನೆಯ ಹಿರಿಯರೊಬ್ಬರು ಒಮ್ಮೆ ಹೇಳಿದ್ದರು. ಅವರು ಅದನ್ನು ಅಲ್ಲೇ ಮರೆತಿರಬೇಕು. ನಾನು ಮಾತ್ರ ಅದನ್ನು ಪದಕದಂತೆ ಎದೆಗೆ ಸಿಕ್ಕಿಸಿಕೊಂಡು ಅರ್ಧ ಆಯುಷ್ಯ ತಿರುಗಿದೆ.

ಹಾಡಿನ ಹುಚ್ಚಿಗೆ ಜೊತೆಯಾದವನು ಕಾಲೇಜಿನ ಗೆಳೆಯ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಓದುವಾಗ ಒಂದೇ ಖೋಲಿಯಲ್ಲಿದ್ದೆವು. ಮುಂದೆ ಅವನು ಅಲ್ಲೇ ಅಂಗಡಿ ಹಾಕಿದ. ಅಣೆಕಟ್ಟಿನ ಹಿನ್ನೀರಿಗೆ ಅವನ ಓಣಿ ಮುಳುಗಿದಾಗ ನವನಗರಕ್ಕೆ ಹೋಗಿ ಮನೆ ಕಟ್ಟಿದ. ಆಂಪ್ಲಿಫೈಯರ್, ಸ್ಪೀಕರ್ ಎಂದರೆ ಅವನಿಗೆ ಊಟ ಬೇಡ. ಅವನು ಹೊಸದು ಕೊಂಡಾಗ ಹಳೆಯದು ನನ್ನ ಪಡಸಾಲೆಗೆ ಬಂತು. ಎತ್ತರದ ಎರಡು ಸ್ಪೀಕರ್ ಪೆಟ್ಟಿಗೆ. ಪ್ರತಿ ಪೆಟ್ಟಿಗೆಯ ಕೆಳಗೆ ಊಟದ ತಟ್ಟೆಯಷ್ಟು ದೊಡ್ಡ ಸ್ಪೀಕರ್, ತಬಲಾದಂಥ ದಪ್ಪ ದನಿಗೆ. ಮೇಲೆ ಅಂಗಿಯ ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದೊಂದು, ಅದಕ್ಕೆ ಟ್ವೀಟರ್ ಅನ್ನುತ್ತಾರೆ, ತಾಳ ಗೆಜ್ಜೆಯಂಥ ತೆಳು ದನಿಗೆ. ಪೆಟ್ಟಿಗೆ ಅಲುಗಾಡಬಾರದೆಂದು ನಮ್ಮೂರಿನ ಕೆಂಪು ಕಲ್ಲಿನ ಎರಡು ತುಂಡು ತಂದು ಅಡಿಗಿಟ್ಟೆ. ಮೊದಲ ಸಂಜೆ ವಚನದ ಕ್ಯಾಸೆಟ್ ಹಾಕಿದಾಗ, ಹಾಡಿನ ನಡುವೆ ತಾಳ ಝಣಕ್ಕಂದದ್ದು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಹೆಂಡತಿ ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಸುಳ್ಳು ಹೇಳಬಾರದು, ಆಗ ನಮ್ಮ ಮನೆಯ ಕರೆಂಟಿನಲ್ಲಿ ನಿಜಕ್ಕೂ ದೋಷವಿತ್ತು. ಮಗ್ಗ ಶುರುವಾದ ಗಳಿಗೆ ಪಡಸಾಲೆಯ ದೀಪ ಕೆಂಪಾಗುತ್ತಿತ್ತು. ಹಾಡು ಹಚ್ಚಿದರೆ ಅದರ ಬೆನ್ನಿಗೊಂದು ಗುಂಯ್ ಎನ್ನುವ ಸದ್ದು. ಗೆಳೆಯ ಬಂದು ನೋಡಿ, ನಿನ್ನ ಮನೆಗೆ ಅರ್ಥಿಂಗೇ ಸರಿ ಇಲ್ಲ ಎಂದ. ಬಚ್ಚಲ ಹೊರಗೆ ಆಳವಾದ ಗುಂಡಿ ತೋಡಿಸಿ, ತಾಮ್ರದ ಹಾಳೆ ಇಳಿಸಿ, ಇದ್ದಿಲು ಉಪ್ಪು ತುಂಬಿಸಿದೆವು. ಒಂದು ಸ್ಟೆಬಿಲೈಜರ್ ಕೂಡಿಸಿದೆವು. ಗುಂಯ್ ಅನ್ನುವುದು ಅವತ್ತೇ ನಿಂತಿತು. ಅದು ಖರೆ. ಹಾಡು ತೊಳೆದಿಟ್ಟ ಹಾಗಾಯಿತು. ನಾನು ಕೆಟ್ಟದ್ದು ಆ ಒಂದು ಗೆಲುವಿನಿಂದ.

ಅರ್ಥಿಂಗ್ ಗುಂಡಿ ಒಣಗಬಾರದು, ದಿನಾ ನೀರು ಕುಡಿಸಬೇಕು. ಬೇಸಿಗೆಯಲ್ಲಿ ನಳದ ನೀರು ಯಾವಾಗ ಬರುತ್ತದೋ ಎಂದು ಕೊಡ ಸಾಲಿಗಿಟ್ಟು ಕಾಯುವ ಓಣಿ ನಮ್ಮದು. ಅಂಥದರಲ್ಲಿ ನನ್ನ ಹೆಂಡತಿ ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಕೂಡಿಸಿಟ್ಟು ಆ ಗುಂಡಿಗೆ ಸುರಿಯುತ್ತಿದ್ದಳು. ಅವಳ ತವರು ಬಾದಾಮಿ ಹತ್ತಿರದ ಚೊಳಚಗುಡ್ಡ. ಹೊಂಡದ ನೀರು, ಬಾಳೆಯ ತೋಟ ನೋಡಿ ಬೆಳೆದವಳು. ನಮ್ಮ ತವರಿನ್ಯಾಗ ಗಿಡಕ್ಕ ನೀರು ಹಾಕ್ತಾರ, ನಿಮ್ಮ ಊರಾಗ ಕರೆಂಟಿಗೆ ಹಾಕ್ತೀರಿ ಎಂದು ಚೇಷ್ಟೆ ಮಾಡುತ್ತಿದ್ದಳು. ಆದರೆ ಒಂದು ದಿನವೂ ತಪ್ಪಿಸಲಿಲ್ಲ.

ಕೆಲವು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಒಂದು ಸಂಜೆ ಅದೇ ವಚನದ ಕ್ಯಾಸೆಟ್ಟಿನಲ್ಲಿ ತಾಳ ಮಂಕಾಗಿ ಕೇಳಿತು. ಕ್ಯಾಸೆಟ್ ಸವೆದಿರಬೇಕೆಂದು ಹೊಸದು ತಂದೆ. ಅದೂ ಹಾಗೇ. ಸಿಡಿ ಬಂದಿದ್ದ ಕಾಲ, ಸಿಡಿ ಪ್ಲೇಯರ್ ತಂದೆ. ಎರಡು ದಿನ ಹುರುಪು, ಮತ್ತೆ ಮಂಕು. ಯಾರೋ ಸ್ಪೀಕರ್ ಮುಂದೆ ಕೌದಿ ಇಳಿಬಿಟ್ಟ ಹಾಗೆ. ಆಂಪ್ಲಿಫೈಯರಿಗೆ ತೆಳು ದನಿ ಏರಿಸುವ ಒಂದು ಗುಂಡಿ ಇರುತ್ತದಲ್ಲ, ಟ್ರೆಬಲ್ ಅನ್ನುವುದು, ಅದನ್ನು ಸ್ವಲ್ಪ ತಿರುಗಿಸಿದೆ. ಸರಿಹೋಯಿತು. ಮುಂದಿನ ವರ್ಷ ಇನ್ನೂ ಸ್ವಲ್ಪ. ಹೀಗೆ ತಿರುಗಿಸುತ್ತ ತಿರುಗಿಸುತ್ತ ಅದು ಕೊನೆಗೆ ಬಂದು ನಿಂತಿತು. ಆಗ ನಾನು ಕರೆಂಟಿನ ಮೇಲೆ ಹರಿಹಾಯ್ದೆ.

ಅರ್ಥಿಂಗ್ ಮಾಡಿದಾಗ ಸುಧಾರಿಸಿತ್ತಲ್ಲ, ಅಂದಮೇಲೆ ರೋಗ ಅಲ್ಲೇ ಇದೆ ಎಂಬುದು ನನ್ನ ತರ್ಕ. ಕಲ್ಲು ಕೊಯ್ಯುವ ಕಾರಖಾನೆಗಳು ಊರ ಸುತ್ತ ಹೆಚ್ಚಿವೆ, ಅವುಗಳ ಗರಗಸ ಕರೆಂಟನ್ನು ರಾಡಿ ಮಾಡುತ್ತಿವೆ ಎಂದೆ. ಓಣಿಯ ಮಗ್ಗಗಳ ಮೋಟಾರು ಹೊಲಸು ಬಿಡುತ್ತಿವೆ ಎಂದೆ. ಮನೆಯ ವೈರೆಲ್ಲ ಕಿತ್ತು ದಪ್ಪನೆಯ ತಾಮ್ರದ್ದು ಎಳೆಸಿದೆ. ಮೀಟರಿನಿಂದ ಸೀದಾ ಆಂಪ್ಲಿಫೈಯರಿಗೆ ಬೇರೆ ಲೈನು, ಬೇರೆ ಫ್ಯೂಜು, ಹಿತ್ತಾಳೆಯ ದಪ್ಪ ಕಾಲಿನ ಪ್ಲಗ್ಗು. ಪ್ರತಿಯೊಂದನ್ನು ಹಾಕಿದಾಗಲೂ ತಾಳ ತಿರುಗಿ ಬಂತು ಅನಿಸುತ್ತಿತ್ತು. ನಿಜವಾಗಿ ಅನಿಸುತ್ತಿತ್ತು, ಇದರಲ್ಲಿ ನಾಟಕವಿಲ್ಲ. ಮನುಷ್ಯ ಬೇಕೆಂದದ್ದನ್ನು ಎಷ್ಟು ಚೊಕ್ಕಟವಾಗಿ ಕೇಳಿಸಿಕೊಳ್ಳಬಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ವಾರ ಕಳೆಯುವಷ್ಟರಲ್ಲಿ ಕೌದಿ ಮತ್ತೆ ಇಳಿದಿರುತ್ತಿತ್ತು.

ಹುನಗುಂದದ ವಿದ್ಯುತ್ ಕಚೇರಿಗೂ ಹೋಗಿಬಂದೆ. ಅಲ್ಲಿಂದ ಬಂದವರು ಮೀಟರು ಹಿಡಿದು ನೋಡಿ, ವೋಲ್ಟೇಜು ಸರಿಯಾಗಿದೆ, ಮೊದಲಿಗಿಂತ ಎಷ್ಟೋ ಚೊಲೋ ಆಗಿದೆ ಎಂದರು. ದೀಪಕ್ಕೆ ಸರಿ ಇರಬಹುದು, ತಾಳಕ್ಕೆ ಸರಿ ಇಲ್ಲ ಎಂದು ನಾನು ವಾದಿಸಿದೆ. ಅವರಲ್ಲಿ ಹಿರಿಯರೊಬ್ಬರು ಕನ್ನಡಕದ ಮೇಲಿಂದ ನನ್ನನ್ನು ನೋಡಿ ಏನೋ ಮೆಲ್ಲಗೆ ಅಂದರು. ನನಗೆ ಕೇಳಿಸಲಿಲ್ಲ. ಜೊತೆಗಿದ್ದವನು ನಕ್ಕ. ಇವರಿಗೇನು ಗೊತ್ತು ಹಾಡಿನ ಮರ್ಮ ಎಂದು ನಾನು ಬೀಗುತ್ತ ಒಳಗೆ ಬಂದೆ.

ಕೊನೆಗೆ ನನ್ನ ಕಣ್ಣು ನಮ್ಮದೇ ಶೆಡ್ಡಿನ ಮೇಲೆ ಬಿತ್ತು. ನಮ್ಮ ಮಗ್ಗಗಳ ಮೋಟಾರೇ ನಮ್ಮ ಕರೆಂಟು ಕೆಡಿಸುತ್ತಿರಬೇಕು. ದೀಪ ಹಚ್ಚುವ ಹೊತ್ತಿಗೆ ನಾನು ಹಾಡು ಕೇಳಲು ಕೂರುತ್ತಿದ್ದೆ. ಆ ಹೊತ್ತು ಮಗ್ಗ ನಿಲ್ಲಿಸಬೇಕೆಂದು ತಮ್ಮನಿಗೆ ಹೇಳಿದೆ. ಮೋಟಾರು ನಿಂತರೆ ಕರೆಂಟು ಶುದ್ಧವಾಗುತ್ತದೆ ಎಂದು ಕಾರಣವನ್ನೂ ಹೇಳಿದೆ. ಅವನು ಯಾಕೆ ಏನು ಅನ್ನಲಿಲ್ಲ. ಹಿರಿಯನ ಮಾತು ಮೀರಿದವನಲ್ಲ ಅವನು. ಕೆಲಸಕ್ಕೆ ಹುರುಪು ಏರಿದ ಸಂಜೆಯಲ್ಲಿ, ಅರ್ಧ ಇಂಚು ನೇಯ್ದರೆ ಸೆರಗು ಮುಗಿಯುತ್ತದೆ ಅನ್ನುವಾಗಲೂ ಬಟನ್ ಒತ್ತಿ ನಿಲ್ಲಿಸುತ್ತಿದ್ದ. ಶೆಡ್ಡು ಸ್ತಬ್ಧವಾಗುತ್ತಿತ್ತು. ನಾನು ಪಡಸಾಲೆಯಲ್ಲಿ ಕಣ್ಣು ಮುಚ್ಚಿ, ಹಾಂ, ಈಗ ನೋಡು ಎಂದು ತಲೆ ತೂಗುತ್ತಿದ್ದೆ.

ಆ ಹೊತ್ತಿನಲ್ಲಿ ನನ್ನ ತಮ್ಮ ಶೆಡ್ಡಿನ ಕಟ್ಟೆಯ ಮೇಲೆ ಕೂತು ತನ್ನ ಚಿಕ್ಕ ರೇಡಿಯೋ ಹಚ್ಚುತ್ತಿದ್ದ. ಅದು ಸೆಲ್ ಹಾಕುವ ರೇಡಿಯೋ, ಅಪ್ಪನದು. ಅವನಿಗೆ ಅದರಲ್ಲಿ ಬರುವ ವಾರ್ತೆ, ನಾಟಕ ಸಾಕು. ಇದರ ದನಿ ಯಾಕೋ ಇತ್ತಿತ್ತಲಾಗಿ ಕೆಳಗಿಳಿದಿದೆ ಎಂದು ಅವನು ಒಮ್ಮೆ ನನ್ನ ಮುಂದೆ ಹೇಳಿದ. ನನಗೆ ಅಷ್ಟೇ ಬೇಕಿತ್ತು. ಸೆಲ್ಲೂ ಕರೆಂಟೇ, ಹೊಲಸು ಸೆಲ್ ಹಾಕಿದರೆ ಹೊಲಸು ದನಿಯೇ ಬರುತ್ತದೆ, ಚೊಲೋ ಸೆಲ್ ತಂದು ಹಾಕು ಎಂದು ದೊಡ್ಡ ಉಪನ್ಯಾಸ ಕೊಟ್ಟೆ. ಅವತ್ತಿನಿಂದ ಅವನು ಮೇಲಿಂದ ಮೇಲೆ ಸೆಲ್ ಬದಲಿಸತೊಡಗಿದ. ತೆಗೆದ ಸೆಲ್ಲುಗಳನ್ನು ಎಸೆಯಲು ಮನಸ್ಸು ಬಾರದೆ, ಬಿಸಿಲಿಗೆ ಜೀವ ಬರುತ್ತದೆಂದು ಶೆಡ್ಡಿನ ಕಿಟಕಿಯ ದಂಡೆಗೆ ಸಾಲಾಗಿ ನಿಲ್ಲಿಸುತ್ತಿದ್ದ. ಸಾಲು ಬೆಳೆಯುತ್ತ ಹೋಯಿತು. ನಾನು ಅದನ್ನು ದಿನಾ ನೋಡುತ್ತಿದ್ದೆ. ಅದರ ಬಗ್ಗೆ ಒಂದು ಗಳಿಗೆಯೂ ಯೋಚಿಸಲಿಲ್ಲ.

ಹೀಗಿರುವಾಗ ಗೆಳೆಯ ನವನಗರದಿಂದ ಫೋನು ಮಾಡಿದ. ಅವನಿಗೆ ಮುಂಬಯಿಯಿಂದ ಒಂದು ಹೊಸ ಕೇಬಲ್ ಬಂದಿತ್ತು. ಗೋಡೆಯ ಪ್ಲಗ್ಗಿನಿಂದ ಆಂಪ್ಲಿಫೈಯರಿಗೆ ಹಾಕುವ ಕೇಬಲ್ಲು, ಹೆಬ್ಬೆರಳಿಗಿಂತ ದಪ್ಪ, ಮೇಲೆ ಹೆಣೆದ ಕಪ್ಪು ಕವಚ. ನವನಗರದ ಹೊಸ ಲೈನಿನಲ್ಲಿ ಅದರ ಫರಕು ಅಷ್ಟಾಗಿ ತಿಳಿಯುತ್ತಿಲ್ಲ, ನಿಮ್ಮೂರಿನ ಹೊಲಸು ಕರೆಂಟಿನಲ್ಲಿ ಪರೀಕ್ಷೆ ಮಾಡೋಣ ಎಂದ. ನನ್ನ ಊರಿನ ಹೊಲಸಿಗೆ ಕೊನೆಗೂ ಒಂದು ಮರ್ಯಾದೆ ಸಿಕ್ಕಿತು ಅನಿಸಿತು. ರವಿವಾರ ಬಾ ಎಂದೆ.

ಅವತ್ತು ಹೆಂಡತಿ ಎಣ್ಣೆಗಾಯಿ, ಶೇಂಗಾದ ಹೋಳಿಗೆ ಮಾಡಿದ್ದಳು. ಊಟ ಮುಗಿಸಿ ಪಡಸಾಲೆಗೆ ಬಂದೆವು. ತಮ್ಮನೂ ಮಗ್ಗ ನಿಲ್ಲಿಸಿ ಬಂದು ಹೊಸ್ತಿಲ ಮೇಲೆ ಕೂತ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮೊದಲು ಹಳೆಯ ಕೇಬಲ್ಲಿನಲ್ಲೇ ವಚನದ ಸಿಡಿ ಹಾಕಿದೆ. ಗೆಳೆಯನ ಹುಬ್ಬು ಗಂಟಾಯಿತು. ಏನೋ ಕೇಳಲು ಬಾಯಿ ತೆರೆದ. ನಾನು ಕೈ ಎತ್ತಿ ತಡೆದೆ. ಇದು ಹೊಲಸು ಕರೆಂಟಿನ ದನಿ, ಈಗ ನಿನ್ನ ಕೇಬಲ್ ಹಾಕು ಎಂದೆ. ಅವನು ಹಾಕಿದ. ನಾನು ಕಣ್ಣು ಮುಚ್ಚಿದೆ. ಅದೇ ಹಾಡು, ಅದೇ ಸಾಲು. ಮತ್ತು ನನಗೆ ತಾಳ ಕೇಳಿಸಿತು. ಆಣೆ ಮಾಡಿ ಹೇಳುತ್ತೇನೆ, ಸಣ್ಣವನಿದ್ದಾಗ ಕೇಳುತ್ತಿದ್ದಷ್ಟೇ ಸ್ಪಷ್ಟ, ಗಾಳಿಯಲ್ಲಿ ಕರಗುವವರೆಗೆ. ತಾಳ ನೋಡು, ಹೆಂಗ ಝಣ ಅಂತದ ನೋಡು, ಬೆಳ್ಳಿ ಸುರದಂಗ ಎಂದು ನಾನು ತೊಡೆಯ ಮೇಲೆ ತಾಳ ಹಾಕತೊಡಗಿದೆ. ನನ್ನ ಸೂಕ್ಷ್ಮ ಕಿವಿಯ ಬಗ್ಗೆ ಆ ಹಿರಿಯರು ಹೇಳಿದ್ದನ್ನೂ ಮತ್ತೊಮ್ಮೆ ಹೇಳಿದೆ.

ಕಣ್ಣು ತೆರೆದಾಗ ಗೆಳೆಯ ಕುರ್ಚಿಯಲ್ಲಿರಲಿಲ್ಲ. ಎಡಗಡೆಯ ಪೆಟ್ಟಿಗೆಯ ಮುಂದೆ ಮೊಣಕಾಲೂರಿ, ಮೇಲಿನ ಟ್ವೀಟರಿಗೆ ಕಿವಿ ಹಚ್ಚಿ ಕೂತಿದ್ದ. ಅಲ್ಲಿಂದ ಎದ್ದು ಬಲಗಡೆಯದಕ್ಕೆ ಹೋಗಿ ಅಲ್ಲೂ ಕಿವಿ ಹಚ್ಚಿದ. ಆಮೇಲೆ ನನ್ನನ್ನು ನೋಡಿದ. ಆ ನೋಟದಲ್ಲಿ ಚೇಷ್ಟೆ ಇರಲಿಲ್ಲ. ಚೇಷ್ಟೆ ಇದ್ದಿದ್ದರೆ ಬದುಕುತ್ತಿದ್ದೆ.

"ದೋಸ್ತ, ಇವೆರಡೂ ಸತ್ತಾವಲ್ಲೋ," ಎಂದ. "ಟ್ವೀಟರ್ ಸುಟ್ಟು ಹೋಗ್ಯಾವು. ತಾಳ ಇದರಾಗಿಂದ ಬರಾಕ ಸಾಧ್ಯನ ಇಲ್ಲ."

ನಾನು ಎದ್ದು ಹೋಗಿ ಕಿವಿ ಹಚ್ಚಿದೆ. ಏನೂ ಇಲ್ಲ. ಈಗ ಸುಟ್ಟಿರಬೇಕು, ನಿನ್ನ ಕೇಬಲ್ಲಿನಿಂದಲೇ ಸುಟ್ಟಿರಬೇಕು ಎಂದು ಅವನ ಮೇಲೇ ಏರಿಹೋದೆ. ಉತ್ತರ ಕೊಟ್ಟವಳು ಬಾಗಿಲಲ್ಲಿದ್ದ ಹೆಂಡತಿ. ಅವಳಿಗೆ ಇದು ಎಂಥ ಮಾತೆಂದು ಗೊತ್ತಿರಲಿಲ್ಲ. ಗೆಳೆಯನನ್ನು ನನ್ನ ಬಾಯಿಂದ ಬಿಡಿಸಬೇಕೆಂದು ಪಾಪ ನಡುವೆ ಬಂದಳು. ಇವತ್ತಲ್ಲರಿ, ದೀಪಾವಳಿ ಆದಾಗಿನಿಂದ ಆ ಕಿವಿ ಕೊರಿಯೂ ಸದ್ದು ಬರೂದು ನಿಂತೈತಿ, ನೀವಽ ಕಡಿಮಿ ಮಾಡೀರಿ ಅಂತ ನಮಗ ಆರಾಮ ಅನಿಸಿತ್ತು ಎಂದಳು. ಆಗ ಬೇಸಿಗೆ ನಡೆದಿತ್ತು.

ದೀಪಾವಳಿಯಿಂದ ಬೇಸಿಗೆಯವರೆಗೆ. ಅಷ್ಟು ದಿನ ನಾನು ದಿನಾ ಸಂಜೆ ಮಗ್ಗ ನಿಲ್ಲಿಸಿ, ಸತ್ತ ಟ್ವೀಟರಿನ ಮುಂದೆ ಕೂತು, ಕರೆಂಟಿನ ಗುಣದೋಷ ವಿಮರ್ಶೆ ಮಾಡುತ್ತಿದ್ದೆ. ಟ್ರೆಬಲನ್ನು ಕೊನೆಗೊಯ್ದು ನಾನೇ ಅವನ್ನು ಸುಟ್ಟಿದ್ದೆ. ಅದಕ್ಕೂ ಮೊದಲಿನ ವರ್ಷಗಳಲ್ಲಿ ಮನೆಯವರ ಕಿವಿ ಕೊರೆಯುತ್ತಿತ್ತು, ನನಗೆ ಮಾತ್ರ ಮಂಕು. ಈ ಲೆಕ್ಕ ಪಡಸಾಲೆಯಲ್ಲಿದ್ದ ಎಲ್ಲರಿಗೂ ಒಟ್ಟಿಗೇ ಬಗೆಹರಿದಿರಬೇಕು. ಗೆಳೆಯ ತನ್ನ ಕೇಬಲನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡ. ಅದರ ಫರಕಿನ ಬಗ್ಗೆ ಅವನೂ ಒಂದು ಮಾತು ಆಡಲಿಲ್ಲ. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು. ಬಸ್ ನಿಲ್ದಾಣದವರೆಗೆ ಅವನನ್ನು ಬಿಡಲು ಹೋದಾಗ ನನ್ನ ಹೆಗಲ ಮೇಲೆ ಕೈ ಹಾಕಿ, ನನ್ನ ಎದುರಿಗೆ ತಿರುಗಿ, ಬಾಗಲಕೋಟೆಗೆ ಬಂದು ಕಿವಿ ತೋರಿಸು ಎಂದ. ಆಯಿತು ಎಂದೆ. ಅವನ ಕಣ್ಣು ನೋಡಲಿಲ್ಲ.

ಕಿವಿಯ ದವಾಖಾನೆಯಲ್ಲಿ ನನ್ನನ್ನು ಗಾಜಿನ ಕಿಟಕಿಯಿರುವ ಪುಟ್ಟ ಖೋಲಿಯಲ್ಲಿ ಕೂಡಿಸಿ, ಕಿವಿಗೆ ಹೆಡ್‌ಫೋನು ಹಾಕಿದರು. ದನಿ ಕೇಳಿದ ಕೂಡಲೇ ಬೆರಳು ಎತ್ತಬೇಕು. ಕಿಟಕಿಯಾಚೆ ಯಂತ್ರದ ಮುಂದೆ ಒಬ್ಬ ಹುಡುಗಿ, ಅವಳ ಹಿಂದೆ ನನ್ನ ಹೆಂಡತಿ. ಮೊದಲು ದಪ್ಪ ದನಿಗಳು ಬಂದವು. ನಾನು ಶಾಲೆಯ ಜಾಣ ಹುಡುಗನಂತೆ ಟಕಟಕ ಬೆರಳೆತ್ತಿದೆ. ಆಮೇಲೆ ದನಿ ಬರುವುದು ನಿಂತಿತು. ಕಾದೆ. ಹುಡುಗಿ ಯಂತ್ರದ ಗುಂಡಿ ತಿರುಗಿಸುತ್ತಲೇ ಇದ್ದಳು, ನನ್ನ ಬೆರಳನ್ನೇ ನೋಡುತ್ತಿದ್ದಳು. ಇನ್ನೂ ಕಾದೆ. ಕೊನೆಗೆ ಹೆಡ್‌ಫೋನು ಸರಿಸಿ ನಾನು ಕೇಳಿದೆ.

"ಕರೆಂಟ್ ಹೋತೇನವಾ?"

ಹುಡುಗಿ ನನ್ನ ತಲೆಯ ಮೇಲಕ್ಕೆ ಕೈ ತೋರಿಸಿದಳು. ಫ್ಯಾನು ತಿರುಗುತ್ತಿತ್ತು. ಹೆಂಡತಿ ಕಿಟಕಿಯಾಚೆ ನೆಲ ನೋಡುತ್ತ ನಿಂತಿದ್ದಳು.

ಡಾಕ್ಟರು ನನ್ನ ಕೆಲಸ ಏನೆಂದು ಕೇಳಿದರು. ಮಗ್ಗ ಅಂದಕೂಡಲೇ ತಲೆಯಾಡಿಸಿದರು. ಲಾಳಿಯ ಬಡಿತಕ್ಕೆ ಮೊದಲು ಸಾಯುವುದು ತೆಳು ದನಿ, ಅದು ಮೆಲ್ಲಗೆ ಸಾಯುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ, ಇದ್ದದ್ದನ್ನಾದರೂ ಕಾಯ್ದುಕೊಳ್ಳಿ ಎಂದು ಸಮಾಧಾನದಿಂದ ತಿಳಿಸಿದರು. ಯಾವಾಗಿನಿಂದ ಹೀಗೆ ಎಂದು ಅವರು ಕೇಳಿದ್ದು ನನ್ನನ್ನು. ಇತ್ತೀಚೆಗೆ ಎಂದು ನಾನು ಹೇಳುವಷ್ಟರಲ್ಲಿ ಹೆಂಡತಿ, ಮಷಿನ್ ಮಗ್ಗ ಬಂದು ಎರಡು ಮೂರು ವರ್ಷಕ್ಕಽ ರೀ ಎಂದುಬಿಟ್ಟಳು.

ತಿರುಗಿ ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತಿತು. ಅಲ್ಲಿ ಜನ ಇಳಿದು ಹತ್ತುವ ಗದ್ದಲದಲ್ಲಿ, ನಿನಗೆ ಗೊತ್ತಿತ್ತೇನು ಎಂದು ಕೇಳಿದೆ. ಅವಳು ಸೀಟಿನಲ್ಲಿ ಪೂರ್ತಿ ನನ್ನ ಕಡೆ ತಿರುಗಿ ಕೂತಳು.

"ಗೊತ್ತಿತ್ತರಿ. ನೀವು ಕರೆಂಟಿಗೆ ಬೈಕೋತ ಇದ್ರಿ. ಬೈಕೊಳ್ಳಲಿ ಅಂತ ಬಿಟ್ಟೆ. ಕಿವಿ ಅಂದ್ರ ನಿಮಗ ನಾಚಿಕಿ ಆಗ್ತಿತ್ತು."

ಒಂದೊಂದೇ ಪದವನ್ನು ತುಟಿ ಅಗಲಿಸಿ ಬಿಡಿಸಿ ಹೇಳಿದಳು. ಅವಳು ನನ್ನ ಹತ್ತಿರ ಮಾತಾಡುತ್ತಿದ್ದದ್ದೇ ಹಾಗೆ, ಎಷ್ಟೋ ವರ್ಷಗಳಿಂದ. ಮನೆಯಲ್ಲಿ ಯಾರಿಗೆ ಏನು ಬೇಕಿದ್ದರೂ ನನ್ನ ಎದುರಿಗೆ ಬಂದು ನಿಂತು, ನನ್ನ ಮುಖ ನೋಡಿ ಹೇಳುತ್ತಿದ್ದರು. ನಾನು ಅದನ್ನು ಹಿರಿಯನಿಗೆ ಕೊಡುವ ಮರ್ಯಾದೆ ಅಂದುಕೊಂಡಿದ್ದೆ. ಮರ್ಯಾದೆ ಎಂದುಕೊಂಡು ಒಳಗೊಳಗೇ ಹಿಗ್ಗಿದ್ದೆ. ಕಿಟಕಿಯ ಕಡೆ ಮುಖ ಮಾಡಿ ಕೂತೆ. ಅವಳು ಮುಂದೆ ಇನ್ನೂ ಏನಾದರೂ ಅಂದಿದ್ದರೆ ನನಗೆ ಗೊತ್ತಿಲ್ಲ.

ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ನಾವು ಅಂಗಳಕ್ಕೆ ಕಾಲಿಟ್ಟದ್ದನ್ನು ನೋಡಿಯೋ ಏನೋ, ನನ್ನ ತಮ್ಮ ಮಗ್ಗ ನಿಲ್ಲಿಸಿದ. ಆ ಸದ್ದಡಗಿದ್ದು ನನ್ನ ಕಪಾಳಕ್ಕೆ ಹೊಡೆದಂತಾಯಿತು. ಸತ್ತ ಪೆಟ್ಟಿಗೆಗಳ ಸಲುವಾಗಿ ಅವನು ಇನ್ನೂ ಕೆಲಸ ನಿಲ್ಲಿಸುತ್ತಿದ್ದ. ಅವನಿಗೆ ಇವತ್ತೇ ಹೇಳಿಬಿಡಬೇಕು, ಅದೂ ಯಾರಿಗೂ ಕೇಳದಂತೆ ಹೇಳಿ ಮುಗಿಸಬೇಕು ಎಂದುಕೊಂಡು, ಚಪ್ಪಲಿ ಸಹ ಬಿಡದೆ ಶೆಡ್ಡಿಗೆ ಹೋದೆ. ಅವನು ಮಗ್ಗದ ಪಕ್ಕ ಕುಕ್ಕರಗಾಲಲ್ಲಿ ಕೂತು ಗಾಲಿಗೆ ಎಣ್ಣೆ ಬಿಡುತ್ತಿದ್ದ. ಬೆನ್ನು ನನ್ನ ಕಡೆಗಿತ್ತು. ಅದೇ ಒಳ್ಳೆಯದು ಅನಿಸಿತು. ಬಾಗಿಲಲ್ಲೇ ನಿಂತು, ಇನ್ನು ಮೇಲೆ ಮಗ್ಗ ನಿಲ್ಲಿಸುವುದು ಬೇಡ, ಕರೆಂಟಿನಲ್ಲಿ ಏನೂ ಇಲ್ಲ, ಕೆಟ್ಟಿರುವುದು ನನ್ನ ಕಿವಿ ಎಂದು ಅವನ ಬೆನ್ನಿಗೆ ಹೇಳಿದೆ.

ಅವನು ತಿರುಗಲಿಲ್ಲ. ಸಿಟ್ಟಾಗಿರಬೇಕು, ಆಗಲಿ ಎಂದುಕೊಂಡೆ. ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ಅದನ್ನೇ ಹೇಳಿದೆ, ತಪ್ಪಾಯಿತು ಎಂಬುದನ್ನೂ ಸೇರಿಸಿ. ಅವನು ಎಣ್ಣೆ ಬಿಡುತ್ತಲೇ ಇದ್ದ. ಹೆಗಲು ಮುಟ್ಟಿದೆ. ಬೆಚ್ಚಿ ತಿರುಗಿದ. ನಾನು ಅಲ್ಲಿರುವುದೇ ಅವನಿಗೆ ತಿಳಿದಿರಲಿಲ್ಲ. ಎದ್ದು ನಿಂತು ನನ್ನ ಬಾಯಿ ನೋಡಿದ. ಬಾಗಿಲ ಬೆಳಕು ನನ್ನ ಬೆನ್ನಿಗಿತ್ತು, ಮುಖ ಕತ್ತಲಲ್ಲಿತ್ತು.

"ಏನಂದಿ ಅಣ್ಣಾ?" ಎಂದ.

ಮಗ್ಗ ನಿಂತಿತ್ತು. ಸೂಜಿ ಬಿದ್ದರೆ ಕೇಳುವಷ್ಟು ನಿಶ್ಶಬ್ದವಿತ್ತು. ಅವನು ಕತ್ತು ಮುಂದೆ ಚಾಚಿ ನನ್ನ ತುಟಿಯನ್ನೇ ಹುಡುಕುತ್ತಿದ್ದ. ನಾನು ಅರ್ಧ ದಿನ ಶೆಡ್ಡಿನಲ್ಲಿ, ಅರ್ಧ ದಿನ ಊರೂರು. ಇವನು ಬೆಳಗಿನಿಂದ ಸಂಜೆಯವರೆಗೆ, ಇಷ್ಟು ವರ್ಷ, ಇದರ ನಡುವೆ. ಅವತ್ತು ಹೊಸ್ತಿಲ ಮೇಲೆ ಕೂತಿದ್ದವನಿಗೆ ಗೆಳೆಯನ ಮಾತೂ ಕೇಳಿಸಿರಲಿಕ್ಕಿಲ್ಲ. ಸೂಕ್ಷ್ಮ ಕಿವಿಯವನೆಂದು ಊರೆಲ್ಲ ಡಂಗುರ ಹೊಡೆದುಕೊಂಡ ನನಗೆ, ಒಂದೇ ಸೂರಿನಡಿ ತಮ್ಮ ಕಿವುಡನಾಗುತ್ತಿರುವುದು ಕೇಳಿಸಿರಲಿಲ್ಲ. ನಾಚಿಕೆ ಎಂದರೆ ಏನೆಂದು ನನಗೆ ತಿಳಿದದ್ದು ಗೆಳೆಯನ ಮುಂದೆ ಅಲ್ಲ, ದವಾಖಾನೆಯಲ್ಲಿ ಅಲ್ಲ, ಅಲ್ಲಿ.

ಬೇರೆ ದಾರಿ ಇರಲಿಲ್ಲ. ಎದೆಯಲ್ಲಿದ್ದ ಉಸಿರೆಲ್ಲ ಎಳೆದುಕೊಂಡು ಒದರಿದೆ.

"ಕರೆಂಟ್ ಚೊಲೋ ಐತಿ. ಕಿವಿ ಕೆಟ್ಟಾವು. ನಿನ್ನವೂ, ನನ್ನವೂ."

ಓಣಿಗೆಲ್ಲ ಕೇಳಿರಬೇಕು. ಅಡುಗೆಮನೆಯಿಂದ ಹೆಂಡತಿ ಬಂದು ನಿಂತಳು. ಪಕ್ಕದ ಮನೆಯ ಮಾಳಿಗೆಯಿಂದ ಯಾರೋ ಬಗ್ಗಿ ನೋಡಿದರು. ತಮ್ಮ ಎಣ್ಣೆಯ ಕೈಯನ್ನು ಅರಿವೆಗೆ ಒರೆಸಿಕೊಂಡ. ಕಿಟಕಿಯ ಹತ್ತಿರ ಹೋದ. ಅಲ್ಲಿ ಬಿಸಿಲಿಗೆ ಕಾಯಿಸಲು ನಿಲ್ಲಿಸಿದ ಸೆಲ್ಲುಗಳು ಈ ತುದಿಯಿಂದ ಆ ತುದಿಯವರೆಗೆ ಸಾಲಾಗಿದ್ದವು. ಅವುಗಳಲ್ಲಿ ಒಂದನ್ನು ಎತ್ತಿಕೊಂಡು, ಅಂಗೈಯಲ್ಲಿ ಹೊರಳಿಸಿ ನೋಡಿದ.

"ಹಂಗಾರ," ಎಂದ, "ಇವೂ ಚೊಲೋನ ಇದ್ವೇನು ಅಣ್ಣಾ?"